ಮಾದಪ್ಪನ ಬೆಟ್ಟ ಗ್ರಂಥಾಲಯಕ್ಕೆ ಬರುವ ಮುನ್ನ

ಮಲೆ ಮಹದೇಶ್ವರನ ಕಥೆ ಪುಸ್ತಕರೂಪದಲ್ಲಿ ನಮ್ಮ ಗ್ರಂಥಾಲಯಗಳ ಕಪಾಟು ಸೇರಿ ಅರ್ಧ ಶತಮಾನವಾಗುತ್ತ ಬಂತು. 1970ರ ದಶಕದಲ್ಲಿ ಪಿ.ಕೆ. ರಾಜಶೇಖರ ಅವರು ಈ ಜನಪದ ಮಹಾಕಾವ್ಯವನ್ನು ಸಂಗ್ರಹಿಸಿ ಪ್ರಕಟಿಸಿದರು. ಮುಂದೆ ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಠ್ಯವನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದರು. ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಮಾಡಿದ ಅದರ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ 2001ರಲ್ಲಿ ಹೊರತಂದಿತು. ಮಂಟೇಸ್ವಾಮಿಯ ಕಾವ್ಯವೂ ಹೀಗೆಯೇ ಹಾಡುವವರ ಬಾಯಿಂದ ಮುದ್ರಣದ ಪುಟಕ್ಕೆ ಇಳಿದಿದೆ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಬಗ್ಗೆ ಹೊರಗಿನ ವಿದ್ಯಾವಂತರಿಗೆ ಇರುವ ತಿಳಿವಳಿಕೆಯ ಬಹುಪಾಲು ಇಂತಹ ಪುಸ್ತಕಗಳ ಋಣ.

ಪುಸ್ತಕ ಮಾಡಬಹುದಾದ ಕೆಲಸವನ್ನು ಇವು ಸಮರ್ಥವಾಗಿಯೇ ಮಾಡಿವೆ. ಆದರೆ ಹಾಡಿನ ಸಾಲು ಅಚ್ಚಾದಾಗ ಹಾಡು ಪೂರ್ತಿ ಅಚ್ಚಾಗುವುದಿಲ್ಲ. ಕಂಸಾಳೆಯ ಬಟ್ಟಲುಗಳು ತಾಗಿ ಹೊಮ್ಮುವ ನಾದ, ಮುಮ್ಮೇಳದವನು ಬಿಟ್ಟ ಕೊನೆಯನ್ನು ಹಿಮ್ಮೇಳದವರು ಎತ್ತಿಕೊಳ್ಳುವ ಬಗೆ, ನಡುರಾತ್ರಿಯಲ್ಲಿ ಕೇಳುಗರ ಗುಂಪಿನಿಂದ ಏಳುವ ಉಘೇ ಎಂಬ ಕೂಗು, ಇವೆಲ್ಲ ಪುಟದ ಅಂಚಿನಲ್ಲಿಯೇ ಉಳಿದುಬಿಡುತ್ತವೆ. ಆನೆಮಲೆ, ಜೇನುಮಲೆ, ಕಾನುಮಲೆ ಎಂದು ಹಾಡುಗಾರ ಎಣಿಸುವಾಗ ಎದುರಿಗೆ ಕುಳಿತವನ ಕಣ್ಣಲ್ಲಿ ಬೆಟ್ಟದ ಸಾಲೊಂದು ಎದ್ದು ನಿಲ್ಲುತ್ತದೆ. ಪುಟದಲ್ಲಿ ಓದುವವನಿಗೆ ಅದು ಹೆಸರುಗಳ ಪಟ್ಟಿ ಮಾತ್ರ.

ಈ ಕೊರತೆಯನ್ನು ತುಂಬುವ ಭರವಸೆಯೊಂದಿಗೆ ಹೊಸದೊಂದು ಬಗೆಯ ಕೋಣೆ ಜಗತ್ತಿನ ವಿಶ್ವವಿದ್ಯಾನಿಲಯಗಳ ಗ್ರಂಥಾಲಯಗಳೊಳಗೆ ಕಾಲಿಟ್ಟಿದೆ. ಅದನ್ನು ವರ್ಚುವಲ್ ರಿಯಾಲಿಟಿ ಕೇಂದ್ರವೆಂದೋ ದೃಶ್ಯೀಕರಣ ಪ್ರಯೋಗಾಲಯವೆಂದೋ ಕರೆಯುತ್ತಾರೆ. ಕನ್ನಡದಲ್ಲಿ ಮಿಥ್ಯಾವಾಸ್ತವ ಎಂಬ ಮಾತು ಬಳಕೆಗೆ ಬಂದಿದೆ. ನಮ್ಮ ವಿಶ್ವವಿದ್ಯಾನಿಲಯಗಳಿಗೂ ಈ ಆಸೆ ಹುಟ್ಟುವುದು ಸಹಜ. ಇಂತಹ ಕೋಣೆ ಚಾಮರಾಜನಗರ ಜಿಲ್ಲೆಗೆ ಬೇಕೇ ಎಂದು ಯಾರಾದರೂ ಕೇಳಿದರೆ ಬೇಕು ಎಂದೇ ನನ್ನ ಉತ್ತರ. ಆದರೆ ಕನ್ನಡಕ ಕೊಳ್ಳುವುದು ಈ ಕೆಲಸದ ಕೊನೆಯ ಹೆಜ್ಜೆಯಾಗಬೇಕೇ ಹೊರತು ಮೊದಲನೆಯದಲ್ಲ. ಮೊದಲು ಇತ್ಯರ್ಥವಾಗಬೇಕಾದದ್ದು ಆ ಕನ್ನಡಕದೊಳಗೆ ಏನು ಕಾಣಬೇಕು, ಅದನ್ನು ಕಾಣಿಸಲು ಅಪ್ಪಣೆ ಕೊಡಬೇಕಾದವರು ಯಾರು ಎಂಬ ಎರಡು ಪ್ರಶ್ನೆಗಳು.

ಮೊದಲಿಗೆ ಈ ಯಂತ್ರದ ಬಗೆ ತಿಳಿಯುವುದು ಒಳ್ಳೆಯದು. ನಮ್ಮ ಎರಡು ಕಣ್ಣುಗಳು ಒಂದೇ ವಸ್ತುವನ್ನು ತುಸು ಬೇರೆ ಬೇರೆ ಕೋನದಿಂದ ನೋಡುತ್ತವೆ. ಆ ವ್ಯತ್ಯಾಸದಿಂದಲೇ ಮಿದುಳು ಆಳವನ್ನು ಅಳೆಯುತ್ತದೆ. ತಲೆಗೆ ಕಟ್ಟಿಕೊಳ್ಳುವ ಕನ್ನಡಕವು ಎರಡು ಕಣ್ಣಿಗೆ ಎರಡು ಚಿತ್ರ ಕೊಟ್ಟು ಈ ಆಳದ ಭಾವವನ್ನು ಹುಟ್ಟಿಸುತ್ತದೆ. ತಲೆ ತಿರುಗಿಸಿದೊಡನೆ ಚಲನೆಯನ್ನು ಗುರುತಿಸಿ ಚಿತ್ರವನ್ನು ಸೆಕೆಂಡಿಗೆ 70ರಿಂದ 90 ಬಾರಿ ಹೊಸದಾಗಿ ಬರೆಯುತ್ತದೆ. ಈ ಬದಲಾವಣೆ ಕಣ್ಣಿಗೆ ತಲುಪುವುದು ಸೆಕೆಂಡಿನ ಐವತ್ತನೇ ಒಂದು ಭಾಗಕ್ಕಿಂತ ತಡವಾದರೆ ಹಲವರಿಗೆ ತಲೆ ಸುತ್ತುತ್ತದೆ. ಇದನ್ನು ಧರಿಸಿ ನೋಡಿದಾಗ ನನಗೆ ಅಚ್ಚರಿ ಹುಟ್ಟಿಸಿದ್ದು ಚಿತ್ರದ ಅಂದವಲ್ಲ. ನಾನು ಅಲ್ಲಿದ್ದೇನೆ ಎಂದು ಮೈ ನಂಬಿಬಿಡುವ ವೇಗ. ಹೀಗೆ ಮೈಯನ್ನೇ ನಂಬಿಸುವ ಶಕ್ತಿ ಇರುವುದರಿಂದಲೇ ಈ ಸಾಧನವನ್ನು ಎಚ್ಚರದಿಂದ ಬಳಸಬೇಕಾಗುತ್ತದೆ.

ಇದು ನಿನ್ನೆ ಮೊನ್ನೆ ಹುಟ್ಟಿದ ಕಲ್ಪನೆಯಲ್ಲ. ಅಮೆರಿಕದ ಐವಾನ್ ಸದರ್ಲ್ಯಾಂಡ್ ತಲೆಗೆ ತೊಡುವ ಪ್ರದರ್ಶಕವನ್ನು 1968ರಲ್ಲಿಯೇ ತೋರಿಸಿದ್ದರು. 1992ರಲ್ಲಿ ಷಿಕಾಗೋದ ಇಲಿನಾಯ್ ವಿಶ್ವವಿದ್ಯಾನಿಲಯದ ಕರೊಲಿನಾ ಕ್ರೂಸ್-ನೀರಾ, ಡೇನಿಯಲ್ ಸ್ಯಾಂಡಿನ್ ಮತ್ತು ಥಾಮಸ್ ಡೆಫಾಂಟಿ ಕೋಣೆಯ ಗೋಡೆಗಳನ್ನೇ ಪರದೆಯಾಗಿಸಿ ಅದಕ್ಕೆ ಕೇವ್, ಅಂದರೆ ಗುಹೆ, ಎಂದು ಹೆಸರಿಟ್ಟರು. ಪ್ಲೇಟೋ ಹೇಳಿದ, ನೆರಳನ್ನೇ ನಿಜವೆಂದು ನಂಬಿದ ಗುಹಾವಾಸಿಗಳ ನೆನಪು ಆ ಹೆಸರಿನಲ್ಲಿದೆ. ಬಹುಕಾಲ ಇಂತಹ ಉಪಕರಣಗಳು ಎಂಜಿನಿಯರಿಂಗ್ ವಿಭಾಗಗಳ ಸ್ವತ್ತಾಗಿದ್ದವು. 2013ರಲ್ಲಿ ಉತ್ತರ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾನಿಲಯ ತೆರೆದ ಹಂಟ್ ಗ್ರಂಥಾಲಯ ದೊಡ್ಡ ದೃಶ್ಯಗೋಡೆಗಳನ್ನೂ ದೃಶ್ಯೀಕರಣ ಪ್ರಯೋಗಾಲಯವನ್ನೂ ತನ್ನೊಳಗೇ ಇರಿಸಿಕೊಂಡಿತು. 2016ರ ಹೊತ್ತಿಗೆ ಒಕ್ಲಹೋಮ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿಯೂ ವಿದ್ಯಾರ್ಥಿಗಳು ಕನ್ನಡಕ ತೊಟ್ಟು ಪಾಠದ ವಸ್ತುಗಳನ್ನು ಮೂರು ಆಯಾಮದಲ್ಲಿ ಪರಿಶೀಲಿಸತೊಡಗಿದ್ದರು.

ಗ್ರಂಥಾಲಯವೇ ಏಕೆ ಎಂಬ ಪ್ರಶ್ನೆಗೆ ಸರಳ ಉತ್ತರವಿದೆ. ಒಂದು ವಿಭಾಗ ಕೊಂಡ ಯಂತ್ರ ಆ ವಿಭಾಗದ ಬೀಗದೊಳಗೆ ಉಳಿಯುತ್ತದೆ. ಗ್ರಂಥಾಲಯದ ಬಾಗಿಲು ರಸಾಯನವಿಜ್ಞಾನದವರಿಗೂ ಕನ್ನಡ ಎಂ.ಎ.ಯವರಿಗೂ ಒಂದೇ. ಅದಕ್ಕಿಂತ ಮುಖ್ಯವಾದುದು ಗ್ರಂಥಪಾಲಕರ ಕಸುಬು. ಒಂದು ವಸ್ತು ಎಲ್ಲಿಂದ ಬಂತು, ಯಾರು ಮಾಡಿದರು, ಯಾವಾಗ, ಯಾರಿಗೆ ಕೊಡಬಹುದು ಎಂಬ ವಿವರಗಳನ್ನು ದಾಖಲಿಸಿ, ಬಹುಕಾಲ ಕಾಪಾಡಿ, ಕೇಳಿದಾಗ ಹುಡುಕಿಕೊಡುವುದು ಆ ಕಸುಬಿನ ಜೀವಾಳ. ಮೂರು ಆಯಾಮದ ಚಿತ್ರಕ್ಕೂ ಈ ಶಿಸ್ತು ಬೇಕು. ಅದಿಲ್ಲದ ಕೋಣೆ ಜಾತ್ರೆಯ ಜೈಂಟ್ ವೀಲ್ ಇದ್ದಂತೆ. ಹತ್ತಿದವರಿಗೆ ಒಂದಿಷ್ಟು ಖುಷಿ ಸಿಗುತ್ತದೆ, ಇಳಿದ ಮೇಲೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಇಂತಹ ಕೇಂದ್ರಗಳಲ್ಲಿ ನಡೆದ ಕೆಲಸಗಳಲ್ಲಿ ನಮ್ಮ ಸೀಮೆಗೆ ತೀರ ಹತ್ತಿರವೆನಿಸುವುದು ಲಂಡನ್ನಿನ ಒಂದು ಧರ್ಮೋಪದೇಶದ ಮರುಸೃಷ್ಟಿ. ಕವಿ ಜಾನ್ ಡನ್ 1622ರ ನವೆಂಬರ್ 5ರಂದು ಮಾಡಿದ ಉಪದೇಶದ ಪಠ್ಯ ಉಳಿದುಬಂದಿದೆ. ಅದಕ್ಕೆ ಗೊತ್ತಾಗಿದ್ದ ಸ್ಥಳ ಸೇಂಟ್ ಪಾಲ್ಸ್ ಚರ್ಚಿನ ಅಂಗಳ. ಆ ಕಾಲದ ಚರ್ಚು 1666ರ ಬೆಂಕಿಯಲ್ಲಿ ಹೋಯಿತು. ಉತ್ತರ ಕೆರೊಲಿನಾದ ಪ್ರಾಧ್ಯಾಪಕ ಜಾನ್ ವಾಲ್ ಮತ್ತು ಸಂಗಡಿಗರು ಹಳೆಯ ಚಿತ್ರ, ಅಳತೆಗಳ ಆಧಾರದಿಂದ ಆ ಅಂಗಳವನ್ನು ಕಂಪ್ಯೂಟರಿನಲ್ಲಿ ಕಟ್ಟಿದರು. ಧ್ವನಿ ಗೋಡೆಗಳಿಗೆ ತಾಗಿ ಹಿಂದಿರುಗುವ ಲೆಕ್ಕ ಹಾಕಿದರು. ನಟನೊಬ್ಬನಿಂದ ಉಪದೇಶವನ್ನು ಅಂದಿನ ಉಚ್ಚಾರಣೆಯಲ್ಲಿ ಓದಿಸಿದರು. ಅಂಗಳದ ಬೇರೆ ಬೇರೆ ಜಾಗಗಳಲ್ಲಿ ನಿಂತು, ಜನಸಂದಣಿ ಹೆಚ್ಚು ಕಡಿಮೆಯಾದಾಗ ಅದು ಹೇಗೆ ಕೇಳಿಸುತ್ತಿತ್ತು ಎಂಬುದನ್ನು ಈಗ ಆಲಿಸಬಹುದು. ಶತಮಾನಗಳಿಂದ ಪುಸ್ತಕದಲ್ಲಿ ಓದುತ್ತಿದ್ದ ಬರಹ ಮೂಲತಃ ಗದ್ದಲದ ನಡುವೆ ಕೇಳಬೇಕಾದ ಮಾತಾಗಿತ್ತು ಎಂಬ ಅರಿವನ್ನು ಆ ಯೋಜನೆ ವಿದ್ವಾಂಸರಿಗೆ ಮಾಡಿಕೊಟ್ಟಿತು.

ಇಂಗ್ಲಿಷಿನವರು ನಾಲ್ಕು ಶತಮಾನದ ಹಿಂದೆ ಮುಗಿದುಹೋದ ದನಿಯನ್ನು ಲೆಕ್ಕಾಚಾರದಿಂದ ಊಹಿಸಬೇಕಾಯಿತು. ನಮಗೆ ಆ ಕಷ್ಟವಿಲ್ಲ. ಬನದ ಹುಣ್ಣಿಮೆಯಂದು ಚಂದ್ರಮಂಡಲದೊಂದಿಗೆ ಆರಂಭವಾಗಿ ಐದು ದಿನ ನಡೆಯುವ ಚಿಕ್ಕಲ್ಲೂರು ಜಾತ್ರೆಯಲ್ಲಿ ಸಿದ್ಧಪ್ಪಾಜಿಯ ಗದ್ದುಗೆಯ ಸುತ್ತ ನೀಲಗಾರರ ತಂಬೂರಿ ಇಂದಿಗೂ ನುಡಿಯುತ್ತದೆ. ನಮ್ಮದು ಇನ್ನೂ ಮುಗಿಯದ ದನಿ.

ಕರ್ನಾಟಕದಲ್ಲಿ ಇಂತಹ ಪ್ರಯತ್ನ ನಡೆದಿರುವುದು ಹೆಚ್ಚಾಗಿ ಹಂಪಿಯ ಸುತ್ತ. ಸಾರಾ ಕೆಂಡರ್ಡೈನ್ ಮತ್ತು ಜೆಫ್ರಿ ಶಾ 2006ರಲ್ಲಿ ರೂಪಿಸಿದ ‘ಪ್ಲೇಸ್ ಹಂಪಿ’ ಎಂಬ ಕಲಾಕೃತಿಯಲ್ಲಿ ನೋಡುಗರು ವೃತ್ತಾಕಾರದ ಪರದೆಯ ನಡುವಿನ ತಿರುಗುವ ವೇದಿಕೆಯ ಮೇಲೆ ನಿಂತು ಹಂಪಿಯ ದೃಶ್ಯಗಳೊಳಗೆ ಸಂಚರಿಸುತ್ತಾರೆ. ವಿದೇಶಗಳಲ್ಲಿ ಪ್ರದರ್ಶನಗೊಂಡ ಬಳಿಕ 2012ರಲ್ಲಿ ಅದು ತೋರಣಗಲ್ಲಿನ ಬಳಿಯ ಕಲಾಧಾಮದಲ್ಲಿ ನೆಲೆ ಕಂಡಿತು. ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಡಿಜಿಟಲ್ ಪರಂಪರೆ ಯೋಜನೆಯೂ ಹಂಪಿಯನ್ನೇ ಪ್ರಯೋಗಭೂಮಿಯಾಗಿ ಆರಿಸಿಕೊಂಡಿತು. ಅದರ ಫಲಿತಗಳು 2017ರಲ್ಲಿ ಗ್ರಂಥರೂಪದಲ್ಲಿ ಬಂದವು. ಹಂಪಿಗೆ ಈ ಮನ್ನಣೆ ಸಲ್ಲಬೇಕಾದದ್ದೇ. ಆದರೆ ಹಂಪಿಯ ಮಾದರಿಯನ್ನು ಹಾಗೆಯೇ ಎತ್ತಿ ತಂದು ಇಲ್ಲಿ ಇಡಲು ಬರುವುದಿಲ್ಲ. ಅಲ್ಲಿ ಮುಖ್ಯವಾದುದು ಕಲ್ಲು. ಇಲ್ಲಿ ಕಲ್ಲಿನೊಂದಿಗೆ ಹಾಡಿದೆ, ಕಾಡಿದೆ. ಕಲ್ಲು ಯಾರನ್ನೂ ಏನೂ ಕೇಳುವುದಿಲ್ಲ. ಹಾಡುವವರು, ಕಾಡಿನಲ್ಲಿ ಬಾಳುವವರು ಕೇಳುತ್ತಾರೆ, ಕೇಳಬೇಕು.

ಕಲ್ಲಿನಿಂದಲೇ ಆರಂಭಿಸೋಣ, ಏಕೆಂದರೆ ಅದು ಸುಲಭ. ಯಳಂದೂರಿನ ಗೌರೀಶ್ವರ ದೇವಾಲಯದ ಬಳೆಮಂಟಪ ಹದಿನಾಡು ಪಾಳೆಯಗಾರರ ಕಾಲದ ಕೌಶಲಕ್ಕೆ ಸಾಕ್ಷಿ. ಕಲ್ಲಿನಲ್ಲಿ ಬಳೆಗಳನ್ನು ಕಡೆದು ಸರಪಳಿಯಾಗಿ ತೂಗುಬಿಟ್ಟಿರುವ ಈ ಕೆಲಸವನ್ನು ಒಂದು ಕಡೆಯಿಂದ ತೆಗೆದ ಛಾಯಾಚಿತ್ರ ಪೂರ್ತಿ ತೋರಿಸಲಾರದು. ಇಂತಹ ವಸ್ತುವಿಗೆ ಬೇಕಾದ ವಿಧಾನ ಈಗ ವಿದ್ಯಾರ್ಥಿಗಳ ಕೈಗೂ ಎಟುಕುತ್ತದೆ. ಒಂದೇ ವಸ್ತುವನ್ನು ಸುತ್ತ ಎಲ್ಲ ಕೋನಗಳಿಂದ, ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ನೂರಾರು ಚಿತ್ರ ತೆಗೆಯಬೇಕು. ಚಿತ್ರಗಳ ನಡುವೆ ಸಮಾನವಾಗಿರುವ ಬಿಂದುಗಳನ್ನು ತಂತ್ರಾಂಶ ಗುರುತಿಸಿ, ಪ್ರತಿಯೊಂದು ಬಿಂದು ಎಷ್ಟು ದೂರ, ಎಷ್ಟು ಎತ್ತರದಲ್ಲಿದೆ ಎಂದು ಲೆಕ್ಕಹಾಕಿ ಮೂರು ಆಯಾಮದ ಆಕೃತಿಯನ್ನು ಕಟ್ಟಿಕೊಡುತ್ತದೆ. ಒಳ್ಳೆಯ ಮೊಬೈಲ್ ಕ್ಯಾಮೆರಾ ಮತ್ತು ತಾಳ್ಮೆ ಇದ್ದರೆ ಕಾಲೇಜಿನ ವಿದ್ಯಾರ್ಥಿಗಳೂ ಕಲಿಯಬಲ್ಲ ಕೆಲಸವಿದು. ಬೇಕಾದ ಅನುಮತಿ ಪಡೆದು ಮಾಡಿದರೆ ಇತಿಹಾಸದ ಪಾಠವೂ ಆಯಿತು, ದಾಖಲೆಯೂ ಆಯಿತು.

ಇದು ಕೇವಲ ಅಲಂಕಾರವೆನ್ನುವವರು ಶಿವನಸಮುದ್ರದತ್ತ ನೋಡಬಹುದು. ಜನರ ಬಾಯಲ್ಲಿ ವೆಸ್ಲಿ ಸೇತುವೆಯಾದ ವೆಲ್ಲೆಸ್ಲಿ ಸೇತುವೆ ಹತ್ತೊಂಬತ್ತನೇ ಶತಮಾನದ ಮೊದಲ ಅರ್ಧದಲ್ಲಿ ಕಾವೇರಿಗೆ ಅಡ್ಡಲಾಗಿ ಕಲ್ಲಿನ ಕಂಬಗಳ ಮೇಲೆ ನಿಂತದ್ದು. 2018ರ ಪ್ರವಾಹದಲ್ಲಿ ಅದರ ಒಂದು ಭಾಗ ಕೊಚ್ಚಿಹೋಯಿತು. ಪ್ಯಾರಿಸ್ಸಿನ ನೋಟ್ರಡಾಮ್ ಚರ್ಚು 2019ರ ಏಪ್ರಿಲ್‌ನಲ್ಲಿ ಉರಿದಾಗ, ಕಲಾ ಇತಿಹಾಸಕಾರ ಆಂಡ್ರ್ಯೂ ಟ್ಯಾಲನ್ ಅದಕ್ಕೂ ವರ್ಷಗಳ ಮುಂಚೆ ಲೇಸರ್ ಕಿರಣದಿಂದ ಅಳೆದಿಟ್ಟಿದ್ದ ವಿವರಗಳು ಮರುನಿರ್ಮಾಣಕ್ಕೆ ನೆರವಾದವು. 2024ರ ಡಿಸೆಂಬರ್‌ನಲ್ಲಿ ಆ ಚರ್ಚು ಮತ್ತೆ ತೆರೆಯಿತು. ಅಳತೆ ತೆಗೆದಿಡಬೇಕಾದದ್ದು ಹೊಳೆ ಬರುವ ಮುನ್ನ. ನದಿ ನಮ್ಮ ಯೋಜನಾ ವರದಿಗಾಗಿ ಕಾಯುವುದಿಲ್ಲ.

ಹಾಡಿನ ವಿಚಾರಕ್ಕೆ ಬಂದರೆ ಕೆಲಸ ಸೂಕ್ಷ್ಮವಾಗುತ್ತದೆ. ಮಂಟೇಸ್ವಾಮಿಯ ಕಾವ್ಯ ನೆಲದ ಮೇಲೆ ನಡೆಯುವ ಕಾವ್ಯ. ಸಿದ್ಧಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹೋಗುವ ಹಲಗೂರು, ನೆಲೆಗೊಳ್ಳುವ ಚಿಕ್ಕಲ್ಲೂರು ಎರಡೂ ನಕಾಶೆಯಲ್ಲಿ ಬೆರಳಿಟ್ಟು ತೋರಿಸಬಹುದಾದ ಊರುಗಳು. ಮಾದಪ್ಪನ ಕಥೆಯೂ ಮಲೆಯಿಂದ ಮಲೆಗೆ ಸಾಗುತ್ತದೆ. ಕಥೆ ಸಾಗುವ ದಾರಿಯನ್ನು ಭೂದೃಶ್ಯವಾಗಿ ತೋರಿಸುತ್ತ, ಆಯಾ ಜಾಗದಲ್ಲಿ ಆಯಾ ಭಾಗದ ಹಾಡನ್ನು ಕೇಳಿಸುವ ಒಂದು ದೃಶ್ಯಕೋಣೆಯಿದ್ದರೆ, ಸಾಲುಸಾಲು ಅಡಿಟಿಪ್ಪಣಿ ಮಾಡಲಾಗದ ಕೆಲಸವನ್ನು ಅದು ಮಾಡಬಲ್ಲದು. ಒಂದೇ ಪ್ರಸಂಗವನ್ನು ಎರಡು ಮೇಳಗಳು ಹೇಗೆ ಬೇರೆ ಬೇರೆಯಾಗಿ ಹಾಡುತ್ತವೆ ಎಂಬುದನ್ನು ಅಕ್ಕಪಕ್ಕ ಇಟ್ಟು ಕೇಳಬಹುದು. ಮುದ್ರಣ ಒಂದು ಪಾಠವನ್ನು ಗಟ್ಟಿ ಮಾಡಿ, ಉಳಿದವನ್ನು ಪಾಠಾಂತರವೆಂಬ ಎರಡನೇ ದರ್ಜೆಗೆ ತಳ್ಳುತ್ತದೆ. ಧ್ವನಿಸಂಗ್ರಹದಲ್ಲಿ ಆ ತಾರತಮ್ಯ ಬೇಕಿಲ್ಲ.

ಆದರೆ ಹಾಡುವವರು ಮನರಂಜನೆಯ ಕಲಾವಿದರು ಮಾತ್ರವಲ್ಲ ಎಂಬುದನ್ನು ಮರೆಯಲಾಗದು. ನೀಲಗಾರರೂ ಮಾದಪ್ಪನ ದೇವರ ಗುಡ್ಡರೂ ದೀಕ್ಷೆ ಪಡೆದವರು. ಹಾಡುವುದು ಅವರಿಗೆ ಸೇವೆ, ಭಿಕ್ಷಾವೃತ್ತಿ, ಒಕ್ಕಲಿನ ಮನೆಗಳೊಂದಿಗಿನ ನಂಟು. ಅದನ್ನು ಮೈಕು, ಕ್ಯಾಮೆರಾಗಳ ನಡುವೆ ನಿಲ್ಲಿಸಿ, ಸುತ್ತಲೂ ಚಿತ್ರೀಕರಿಸಿ, ಎಲ್ಲಿಯೋ ಕುಳಿತ ಅಪರಿಚಿತನ ಕಣ್ಣಿಗೆ ಕಟ್ಟುವಾಗ ಕೇಳಬೇಕಾದ ಪ್ರಶ್ನೆಗಳಿವೆ. ಯಾವ ಭಾಗವನ್ನು ಯಾವ ಹೊತ್ತಿನಲ್ಲಿ ಹಾಡಬಹುದು? ಸಂಭಾವನೆ ಒಂದು ಸಲದ್ದೇ, ಬಳಕೆಯಾದಾಗಲೆಲ್ಲ ಪಾಲು ಸಲ್ಲಬೇಕೇ? ಸಿನಿಮಾದವರು, ಜಾಹೀರಾತಿನವರು ಆ ಧ್ವನಿಯನ್ನು ಎತ್ತಿಕೊಂಡರೆ ತಡೆಯುವವರು ಯಾರು? ಈಗ ಇನ್ನೊಂದು ಪ್ರಶ್ನೆಯೂ ಸೇರಿದೆ. ಧ್ವನಿಯ ಮಾದರಿ ಸಿಕ್ಕರೆ ಆ ವ್ಯಕ್ತಿ ಎಂದೂ ಹಾಡದ ಹಾಡನ್ನು ಅವನ ದನಿಯಲ್ಲಿಯೇ ಹಾಡಿಸುವ ಯಂತ್ರಗಳು ಬಂದಿವೆ. ಹಾಡುಗಾರನ ಸಹಿ ಅಥವಾ ಹೆಬ್ಬೆಟ್ಟು ಪಡೆಯುವ ಮುನ್ನ ಇದನ್ನೆಲ್ಲ ಅವನ ಮಾತಿನಲ್ಲಿಯೇ ವಿವರಿಸುವುದು ಸಂಗ್ರಹಕಾರನ ಕರ್ತವ್ಯ.

ಕಾಡಿನ ವಿಚಾರದಲ್ಲಿ ನಾವು ಹೊಸದಾಗಿ ಪಾಠ ಕಲಿಯಬೇಕಾಗಿಲ್ಲ. ಮಾದರಿ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿಯೇ ಇದೆ. ಬೆಂಗಳೂರಿನ ಏಟ್ರೀ ಸಂಶೋಧನಾ ಸಂಸ್ಥೆಯವರೂ ಸೋಲಿಗರೂ ಜೊತೆಗೂಡಿ, ಹಿರಿಯರು ಮುಂದೆ ನಡೆದು ತೋರಿಸಿದ ಸುಮಾರು 500 ಪವಿತ್ರ ನೆಲೆಗಳನ್ನು ಜಿಪಿಎಸ್ ಉಪಕರಣದಿಂದ ಗುರುತಿಸಿ ನಕಾಶೆ ಮಾಡಿದರು. ಅರಣ್ಯ ಇಲಾಖೆಯ ನಕಾಶೆಯಲ್ಲಿ ವಲಯ, ಗಸ್ತುಗಳಾಗಿ ಕಾಣುವ ಕಾಡು ಇಲ್ಲಿ ಕುಲಕುಲಗಳ ಯೆಲ್ಲೆಗಳಾಗಿ, ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ನೆಲೆಗಳಾಗಿ ಕಾಣುತ್ತದೆ. ಅದೇ ನೆಲಕ್ಕೆ ಸಂಬಂಧಿಸಿದ ಎರಡು ಜ್ಞಾನಗಳು ಮುಖಾಮುಖಿಯಾದ ಸಂದರ್ಭವದು. 1974ರಲ್ಲಿ ಅಭಯಾರಣ್ಯವಾಗಿ, 2011ರಲ್ಲಿ ಹುಲಿ ರಕ್ಷಿತಾರಣ್ಯವಾಗಿ ಘೋಷಣೆಯಾದ ಈ ಕಾಡಿನಲ್ಲಿ ಸೋಲಿಗರಿಗೆ ಅದೇ 2011ರಲ್ಲಿ ಸಮುದಾಯ ಅರಣ್ಯ ಹಕ್ಕುಗಳು ದೊರೆತವು. ಹುಲಿ ರಕ್ಷಿತಾರಣ್ಯವೊಂದರಲ್ಲಿ ಇಂತಹ ಹಕ್ಕು ಮಾನ್ಯವಾದದ್ದು ದೇಶದಲ್ಲಿ ಅದೇ ಮೊದಲು. ತಾವು ಈ ನೆಲದವರು ಎಂದು ಸಾಧಿಸಲು ಆ ನಕಾಶೆಯೂ ಅವರಿಗೆ ಒಂದು ಆಧಾರವಾಯಿತು.

ಈ ನಕಾಶೆಯನ್ನು ಮೂರು ಆಯಾಮಕ್ಕೆ ಏರಿಸುವುದನ್ನು ಊಹಿಸಿಕೊಳ್ಳಿ. ಭಾರ್ಗವಿ ಹೊಳೆಯ ಬದಿಯ ದೊಡ್ಡಸಂಪಿಗೆ ಮರವನ್ನು ವಿದ್ಯಾರ್ಥಿ ಸುತ್ತ ನೋಡುತ್ತಾನೆ. ಅದನ್ನು ದೇವರೆಂದು ಪೂಜಿಸುವವರ ಮಾತು ಅವರದೇ ನುಡಿಯಲ್ಲಿ ಕೇಳಿಸುತ್ತದೆ. ಇನ್ನೊಂದು ದೃಶ್ಯದಲ್ಲಿ, ಬೇಸಿಗೆಯ ಆರಂಭದಲ್ಲಿ ತರಗು ಬೆಂಕಿ ಹಾಕುವ ರೂಢಿ ನಿಂತ ಮೇಲೆ ಲಂಟಾನಾ ಹೇಗೆ ಕಾಡಿನ ನೆಲವನ್ನು ಆವರಿಸಿತು ಎಂದು ಹಿರಿಯರು ಹೇಳುವುದನ್ನು, ಇಂದಿನ ಪೊದೆಯನ್ನೂ ಅವರು ನೆನೆಯುವ ಅಂದಿನ ಹುಲ್ಲಿನ ನೆಲವನ್ನೂ ಜೊತೆಗಿಟ್ಟು ತೋರಿಸಬಹುದು. ಅರಣ್ಯಶಾಸ್ತ್ರ ಓದುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು. ಇನ್ನೊಂದು ಅನುಕೂಲವೂ ಉಂಟು. ವನ್ಯಜೀವಿಗಳ ತಾಣಕ್ಕೆ ಬಸ್ಸುಗಟ್ಟಲೆ ವಿದ್ಯಾರ್ಥಿಗಳನ್ನು ಒಯ್ಯದೆಯೇ ಪಾಠ ನಡೆಯುತ್ತದೆ. ಅಂಗವಿಕಲರಿಗೂ ವಯಸ್ಸಾದವರಿಗೂ ಬೆಟ್ಟ ಎಟುಕುತ್ತದೆ.

ಇಷ್ಟಾದರೂ ಎಲ್ಲವನ್ನೂ ಎಲ್ಲರಿಗೂ ತೋರಿಸುವುದು ಜ್ಞಾನಪ್ರಸಾರವಲ್ಲ. ಹಿರಿಯರ ಸಮಾಧಿಗಲ್ಲುಗಳಿರುವ ಜಾಗಕ್ಕೆ ಯಾರೋ ಕನ್ನಡಕ ತೊಟ್ಟು ಚಪ್ಪಲಿ ಕಾಲಿನಲ್ಲಿ ನಡೆದುಬರುವುದನ್ನು ಆ ಕುಲದವರು ಒಪ್ಪುತ್ತಾರೆಯೇ? ಔಷಧಿಯ ಬೇರು ಸಿಗುವ ತಾಣದ ನಿಖರ ಗುರುತು ವ್ಯಾಪಾರಿಯ ಕೈಗೆ ಸಿಕ್ಕರೆ ಏನಾದೀತು? 2006ರ ಅರಣ್ಯ ಹಕ್ಕು ಕಾಯ್ದೆ ಜೀವವೈವಿಧ್ಯ ಮತ್ತು ಸಾಂಸ್ಕೃತಿಕ ವೈವಿಧ್ಯಕ್ಕೆ ಸಂಬಂಧಿಸಿದ ಪಾರಂಪರಿಕ ಜ್ಞಾನದ ಮೇಲಿನ ಬೌದ್ಧಿಕ ಸ್ವತ್ತನ್ನು ಸಮುದಾಯದ ಹಕ್ಕೆಂದೇ ಗುರುತಿಸಿದೆ. ಆದ್ದರಿಂದ ಅಪ್ಪಣೆ ಕೇಳುವುದು ಸೌಜನ್ಯದ ಪ್ರಶ್ನೆಯಲ್ಲ, ಕಾನೂನಿನ ಪ್ರಶ್ನೆ. ಆಸ್ಟ್ರೇಲಿಯಾದ ವರುಮುಂಗು ಮೂಲನಿವಾಸಿಗಳೊಂದಿಗೆ ಕೂಡಿ ಅಮೆರಿಕದ ವಿದುಷಿ ಕಿಂ ಕ್ರಿಸ್ಟನ್ ರೂಪಿಸಿದ ಮುಕುರ್ಟು ಎಂಬ ದಾಖಲೆ ವ್ಯವಸ್ಥೆಯಲ್ಲಿ ಯಾವ ಚಿತ್ರವನ್ನು ಯಾರು ನೋಡಬಹುದು ಎಂಬುದನ್ನು ಸಮುದಾಯವೇ ನಿರ್ಧರಿಸುತ್ತದೆ. ಕೆಲವನ್ನು ಆ ಕುಟುಂಬದವರು ಮಾತ್ರ, ಕೆಲವನ್ನು ಹೆಂಗಸರು ಮಾತ್ರ ನೋಡುವಂತೆ ಇಡಬಹುದು. ನಮ್ಮ ಗ್ರಂಥಾಲಯಗಳ ಸೂಚಿಪತ್ರದಲ್ಲಿ ಕರ್ತೃ, ಶೀರ್ಷಿಕೆ, ವಿಷಯಗಳ ಜೊತೆಗೆ ಅಪ್ಪಣೆ ಎಂಬ ಕಾಲಂ ಸೇರಬೇಕಾದ ಕಾಲ ಬಂದಿದೆ.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಅವನ್ನು ತಳ್ಳಿಹಾಕುವಂತಿಲ್ಲ. ಮೊದಲನೆಯದು ಹಣ. ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಆವರಣದಲ್ಲಿ 2023ರಲ್ಲಿ ಚಾಮರಾಜನಗರ ವಿಶ್ವವಿದ್ಯಾನಿಲಯ ಆರಂಭವಾಯಿತು. ಎರಡೇ ವರ್ಷದಲ್ಲಿ, 2025ರ ಫೆಬ್ರವರಿಯಲ್ಲಿ, ರಾಜ್ಯ ಸಂಪುಟದ ಉಪಸಮಿತಿಯೊಂದು ಹೊಸ ವಿಶ್ವವಿದ್ಯಾನಿಲಯಗಳ ಪೈಕಿ ಒಂಬತ್ತನ್ನು ಮುಚ್ಚಲು ಶಿಫಾರಸು ಮಾಡಿತು. ಅದರಲ್ಲಿ ಇದೂ ಸೇರಿತ್ತು. ಅಧ್ಯಾಪಕರ ಸಂಬಳಕ್ಕೆ ಹಣ ಹೊಂದಿಸಲು ಒದ್ದಾಡುವ ಕಡೆ ಮಿಥ್ಯಾವಾಸ್ತವದ ಮಾತೇ ಅಣಕದಂತೆ ಕೇಳಿಸಬಹುದು. ಆದರೆ ಗಮನಿಸಿ. ಒಂದು ಕನ್ನಡಕದ ಬೆಲೆ ಈಗ ಒಂದು ಒಳ್ಳೆಯ ಮೊಬೈಲ್ ಫೋನಿನಷ್ಟು. ಖರ್ಚಾಗುವುದು ಅದಕ್ಕಲ್ಲ. ಜಾತ್ರೆಯಲ್ಲಿ ಐದು ರಾತ್ರಿ ಕುಳಿತು ಧ್ವನಿಮುದ್ರಿಸುವವರಿಗೆ, ಹಾಡುಗಾರರ ಸಂಭಾವನೆಗೆ, ಪೋಡುಗಳಲ್ಲಿ ಸಭೆ ಸೇರಿಸುವುದಕ್ಕೆ, ಬರೆದಿಡುವುದಕ್ಕೆ. ಈ ಖರ್ಚು ಕೋಣೆ ಇರಲಿ ಬಿಡಲಿ ಮಾಡಲೇಬೇಕಾದದ್ದು. ವಿಶ್ವವಿದ್ಯಾನಿಲಯದ ನಾಮಫಲಕ ಬದಲಾದರೂ ಆ ಸಂಗ್ರಹ ಜಿಲ್ಲೆಯಲ್ಲಿಯೇ ಉಳಿಯಬೇಕೆಂಬುದು ನನ್ನ ಆಗ್ರಹ. ಈ ಸೀಮೆಯ ಹಾಡು, ಓಲೆ, ಮಾಹಿತಿ ಮೈಸೂರಿಗೆ, ಬೆಂಗಳೂರಿಗೆ, ಹಂಪಿಗೆ ಹೋಗಿ ಪದವಿಗಳಾಗಿ ಮಾರ್ಪಟ್ಟದ್ದು ಸಾಕಷ್ಟಾಯಿತು. ಕೊಟ್ಟವರ ಮೊಮ್ಮಕ್ಕಳು ಅದನ್ನು ಕೇಳಬೇಕಾದರೆ ಅಷ್ಟು ದೂರ ಹೋಗುವಂತಿರಬಾರದು.

ಎರಡನೆಯ ಆಕ್ಷೇಪ ಆಯುಷ್ಯದ್ದು. ಗೂಗಲ್ ಸಂಸ್ಥೆ 2014ರಲ್ಲಿ ರಟ್ಟಿನ ಅಗ್ಗದ ಕನ್ನಡಕವನ್ನು ತಂದಾಗ ಶಾಲೆ ಕಾಲೇಜುಗಳೆಲ್ಲ ಮಿಥ್ಯಾವಾಸ್ತವ ಮನೆಮಾತಾಯಿತೆಂದು ಹಿಗ್ಗಿದವು. 2021ರಲ್ಲಿ ಅದರ ಮಾರಾಟವನ್ನು ಸಂಸ್ಥೆ ನಿಲ್ಲಿಸಿತು. ಏಳು ವರ್ಷದ ಬಾಳು ಅದು. ಇತ್ತ 1891ರಲ್ಲಿ ಸ್ಥಾಪನೆಯಾದ ಮೈಸೂರಿನ ಪ್ರಾಚ್ಯ ವಿದ್ಯಾ ಸಂಶೋಧನಾ ಸಂಸ್ಥೆಯಲ್ಲಿ ಶತಮಾನಗಳ ಹಿಂದಿನ ತಾಳೆಗರಿಗಳಿವೆ. ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿಯನ್ನು ಆರ್. ಶಾಮಶಾಸ್ತ್ರಿ ಅಲ್ಲಿಯೇ ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಗರಿಯನ್ನು ಓದಲು ಕಣ್ಣು, ಲಿಪಿಜ್ಞಾನ ಇವೆರಡೇ ಸಾಕು. ಯಂತ್ರದ ಕಡತಕ್ಕೆ ಯಂತ್ರವೇ ಬೇಕು. ಆದ್ದರಿಂದ ಯಾವ ಕಂಪನಿಯ ಕನ್ನಡಕಕ್ಕೂ ಕಟ್ಟುಬೀಳದ ಮುಕ್ತ ರೂಪದಲ್ಲಿ ಮೂಲ ಧ್ವನಿ, ಮೂಲ ಚಿತ್ರ, ಅಳತೆಗಳನ್ನು ಇಡಬೇಕು. ಒಂದಕ್ಕಿಂತ ಹೆಚ್ಚು ಕಡೆ ಪ್ರತಿಗಳಿರಬೇಕು. ಕೆಲವು ವರ್ಷಗಳಿಗೊಮ್ಮೆ ಹೊಸ ಮಾಧ್ಯಮಕ್ಕೆ ದಾಟಿಸಬೇಕು. ಮೂಲ ಉಳಿದರೆ ನಾಳಿನ ಯಾವ ಕನ್ನಡಕದಲ್ಲಿಯೂ ಅದನ್ನು ಕಾಣಬಹುದು. ಕನ್ನಡಕಕ್ಕೆಂದೇ ಮಾಡಿದ ಆಟ ಮಾತ್ರ ಉಳಿದರೆ ಕನ್ನಡಕದೊಂದಿಗೆ ಅದೂ ಹೋಗುತ್ತದೆ.

ಹಾಗಾದರೆ ಕೆಲಸದ ಕ್ರಮ ಹೇಗಿರಬೇಕು? ಮೊದಲು ಜಿಲ್ಲೆಯ ವಿಶ್ವವಿದ್ಯಾನಿಲಯ ಆವರಣದ ಗ್ರಂಥಾಲಯದಲ್ಲಿ ಧ್ವನಿ ಮತ್ತು ದೃಶ್ಯಗಳ ವಿಭಾಗವೊಂದು ತೆರೆಯಲಿ. ಅದರ ಸಲಹಾ ಸಮಿತಿಯಲ್ಲಿ ನೀಲಗಾರರು, ದೇವರ ಗುಡ್ಡರು, ಸೋಲಿಗರ ಗ್ರಾಮಸಭೆಗಳ ಪ್ರತಿನಿಧಿಗಳು ಕೂರಲಿ. ಅವರಿಗೆ ಬೇಡವೆನ್ನುವ ಅಧಿಕಾರವೂ ಇರಲಿ. ಹಳೆಯ ಸಂಗ್ರಹಕಾರರ ಮನೆಗಳಲ್ಲಿ, ಸಂಸ್ಥೆಗಳಲ್ಲಿ ಉಳಿದಿರಬಹುದಾದ ಕ್ಯಾಸೆಟ್ಟು, ಸ್ಪೂಲುಗಳನ್ನು ಹುಡುಕಿ ಡಿಜಿಟಲ್ ರೂಪಕ್ಕೆ ತರುವುದು ಎರಡನೆಯದು. ಕಾಂತೀಯ ಪಟ್ಟಿಗೆ ಬೂಷ್ಟು ಹಿಡಿದ ಮೇಲೆ ಮಾಡುವಂತಿಲ್ಲ. ಬಳೆಮಂಟಪ, ವೆಸ್ಲಿ ಸೇತುವೆಯಂತಹ ನಿರ್ಮಾಣಗಳ ಅಳತೆ ಮೂರನೆಯದು. ಜಾತ್ರೆಯ, ಹಾಡಿನ ಹೊಸ ಧ್ವನಿಮುದ್ರಣ ನಾಲ್ಕನೆಯದು. ಇಷ್ಟು ಕೂಡಿಬಂದ ಮೇಲೆ ಒಂದು ಕೋಣೆ, ನಾಲ್ಕು ಕನ್ನಡಕ, ಒಂದು ದೊಡ್ಡ ಪರದೆ ಸಾಕು.

ಆ ಪರದೆಯ ಬಗ್ಗೆ ಒಂದು ಮಾತು. ಕನ್ನಡಕ ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿಸುತ್ತದೆ. ಮಾದಪ್ಪನ ಕಥೆಯಾಗಲಿ ಮಂಟೇಸ್ವಾಮಿಯ ಕಥೆಯಾಗಲಿ ಒಬ್ಬರೇ ಕೂತು ಕೇಳುವ ಕಥೆಯಲ್ಲ. ಹತ್ತು ಜನ ಸುತ್ತ ಕುಳಿತು ನೋಡುವ, ಪಕ್ಕದವರ ಮುಖ ಕಾಣುವ ದೃಶ್ಯಕೋಣೆ ನಮ್ಮ ಹಾಡಿನ ರೀತಿಗೆ ಕನ್ನಡಕಕ್ಕಿಂತ ಹೆಚ್ಚು ಒಗ್ಗುತ್ತದೆ. ಅದೇ ಧ್ವನಿಗಳನ್ನು, ಹಾಡಿದವರ ಒಪ್ಪಿಗೆಯಿದ್ದಷ್ಟನ್ನು, ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಿಗೂ ತಲುಪಿಸಬಹುದು. ಹನೂರಿನ ಹಳ್ಳಿಯೊಂದರ ಬಾಲಕಿಗೆ ತನ್ನ ಊರಿನ ಹಾಡು ತನ್ನೂರಿನ ಗ್ರಂಥಾಲಯದಲ್ಲಿ ಕೇಳಸಿಗುವುದು, ಜಿಲ್ಲಾ ಕೇಂದ್ರದ ಕೋಣೆಯಲ್ಲಿ ಗಣ್ಯರು ಕನ್ನಡಕ ತೊಟ್ಟು ಛಾಯಾಚಿತ್ರ ತೆಗೆಸಿಕೊಳ್ಳುವುದಕ್ಕಿಂತ ದೊಡ್ಡ ಸಾಧನೆ.

ವಿಶ್ವವಿದ್ಯಾನಿಲಯಗಳು ಉಪಕರಣ ಕೊಳ್ಳುವುದು ಸುಲಭ. ಅದಕ್ಕೆ ಟೆಂಡರು, ಉದ್ಘಾಟನೆಗಳ ಸಿದ್ಧ ದಾರಿಯಿದೆ. ಕೇಳಿಸಿಕೊಳ್ಳುವುದಕ್ಕೆ ಅಂತಹ ದಾರಿಯಿಲ್ಲ. ಅದಕ್ಕೆ ಜಾತ್ರೆಯ ಚಳಿಯಲ್ಲಿ ರಾತ್ರಿಯಿಡೀ ಕೂರಬೇಕು, ಪೋಡಿನ ಸಭೆಯಲ್ಲಿ ಬೇಡವೆಂಬ ಉತ್ತರ ಬಂದರೆ ಹಿಂದಿರುಗಬೇಕು, ಮತ್ತೆ ಹೋಗಬೇಕು. ತಂಬೂರಿ ಹಿಡಿದ ಹಿರಿಯ ತಲೆಮಾರು ನಮ್ಮ ಬಜೆಟ್ಟಿನ ವರ್ಷಗಳಿಗೆ ಹೊಂದಿಕೊಂಡು ಬದುಕುವುದಿಲ್ಲ. ಬರುವ ಬನದ ಹುಣ್ಣಿಮೆಗೆ ಚಿಕ್ಕಲ್ಲೂರಿನಲ್ಲಿ ಒಂದು ಒಳ್ಳೆಯ ಮೈಕು, ಇಬ್ಬರು ತರಬೇತಾದ ವಿದ್ಯಾರ್ಥಿಗಳು, ಹಾಡುಗಾರರಿಗೆ ಓದಿ ಹೇಳಿದ ಒಂದು ಒಪ್ಪಂದಪತ್ರ ಇದ್ದರೆ ಕೆಲಸ ಆರಂಭವಾದಂತೆಯೇ. ಕನ್ನಡಕ ಆಮೇಲೆ ಬರಲಿ.